ತಣ್ಣಗಿದ್ದಾಗ ಅಳೆದ ತಂತಿ

ನಾನು ಸಹಿ ಹಾಕಿದ ಪರೀಕ್ಷಾ ವರದಿಯಲ್ಲಿ ಒಂದು ಅಂಕಿಯೂ ಸುಳ್ಳಿರಲಿಲ್ಲ. ಆದರೂ ಆ ವರದಿಯನ್ನು ನಂಬಿಕೊಂಡು ನಡೆಯುತ್ತಿದ್ದ ಬೇಕರಿಯಲ್ಲಿ ಕೆಲಸದ ಹುಡುಗನೊಬ್ಬನಿಗೆ ಶಾಕ್ ಹೊಡೆಯಿತು. ಹುಡುಗ ಉಳಿದ. ಬಲ ಅಂಗೈ ಸುಟ್ಟು ಗಾಯವಾಗಿತ್ತು, ಬಿದ್ದ ರಭಸಕ್ಕೆ ಭುಜ ಜಾರಿತ್ತು. ತಪ್ಪು ನನ್ನದು. ಅದು ಎಲ್ಲಿತ್ತೆಂದು ಬಿಡಿಸಿ ಹೇಳುವುದು ಈ ಕೆಲಸ ಮಾಡುವ ಉಳಿದವರಿಗೆ ನಾನು ಸಲ್ಲಿಸಬೇಕಾದ ಲೆಕ್ಕ.

ಕಲಬುರಗಿಯ ವಾಣಿಜ್ಯ ಕಟ್ಟಡವೊಂದರ ನೆಲಮಹಡಿಯಲ್ಲಿ ಆ ಬೇಕರಿ. ಕಟ್ಟಡಕ್ಕೆ ಸ್ವಂತ ಟ್ರಾನ್ಸ್‌ಫಾರ್ಮರ್ ಇತ್ತು. ಅರ್ತ್ ವೈರು ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ತನಕ ತಾಮ್ರದಲ್ಲೇ ಹೋಗಿ ಸೇರುತ್ತಿತ್ತು. ಇಂಥ ವ್ಯವಸ್ಥೆಯಲ್ಲಿ ಫೇಸ್ ಹೋಗಿ ಯಂತ್ರದ ಲೋಹದ ಮೈಗೆ ತಾಗಿದರೆ ಕರೆಂಟು ಫೇಸ್ ವೈರಿನಲ್ಲಿ ಬಂದು ಅರ್ತ್ ವೈರಿನಲ್ಲಿ ವಾಪಸ್ ಹೋಗುತ್ತದೆ. ಆ ಇಡೀ ಸುತ್ತಿನ ಅಡ್ಡಿಯೇ ಅರ್ತ್ ಫಾಲ್ಟ್ ಲೂಪ್ ಇಂಪೀಡೆನ್ಸ್. ಅಡ್ಡಿ ಕಡಿಮೆಯಿದ್ದರೆ ಕರೆಂಟು ಜೋರಾಗಿ ಹರಿದು ಎಂಸಿಬಿ ತಕ್ಷಣ ಬೀಳುತ್ತದೆ. ಹೆಚ್ಚಿದ್ದರೆ ಅದು ತಡಮಾಡುತ್ತದೆ, ಯಂತ್ರದ ಮೈಯಲ್ಲಿ ಅಷ್ಟು ಹೊತ್ತೂ ವೋಲ್ಟೇಜ್ ನಿಂತಿರುತ್ತದೆ. ಇಂಥ ಸರ್ಕ್ಯೂಟಿಗೆ ಅಂತರರಾಷ್ಟ್ರೀಯ ಮಾನಕ ಕೊಡುವ ಗಡುವು 0.4 ಸೆಕೆಂಡ್.

ಓವನ್ 6 ಕಿಲೋವ್ಯಾಟಿನದು. ಬೋರ್ಡಿನಿಂದ 45 ಮೀಟರ್ ದೂರ. ಫೇಸ್ ಮತ್ತು ನ್ಯೂಟ್ರಲ್‌ಗೆ 6 ಸ್ಕ್ವೇರ್ (ಚದರ ಮಿಲಿಮೀಟರ್), ಅರ್ತ್‌ಗೆ 2.5 ಸ್ಕ್ವೇರ್ ವೈರು ಹಾಕಿಸಿದ್ದೆ. 20 ಡಿಗ್ರಿಯಲ್ಲಿ 6 ಸ್ಕ್ವೇರ್ ತಾಮ್ರದ ವೈರಿಗೆ ಮೀಟರಿಗೆ 3.08 ಮಿಲಿಓಮ್, 2.5 ಸ್ಕ್ವೇರಿಗೆ 7.41. ಎರಡೂ ಸೇರಿ 45 ಮೀಟರಿಗೆ 0.47 ಓಮ್. ಬೋರ್ಡಿನಿಂದ ಹಿಂದಕ್ಕೆ ಟ್ರಾನ್ಸ್‌ಫಾರ್ಮರ್ ತನಕದ್ದು 0.16. ಒಟ್ಟು 0.63. ರಕ್ಷಣೆಗಿದ್ದದ್ದು 32 ಆಂಪಿಯರಿನ ಸಿ ಕರ್ವ್ ಎಂಸಿಬಿ. ಅದು ತಕ್ಷಣ ಬಿದ್ದೇ ಬೀಳುತ್ತದೆ ಎಂಬ ಭರವಸೆ ಅದರ ರೇಟಿಂಗಿನ ಹತ್ತು ಪಟ್ಟಿಗೆ, ಅಂದರೆ 320 ಆಂಪಿಯರಿಗೆ ಮಾತ್ರ. 230 ವೋಲ್ಟನ್ನು 320ರಿಂದ ಭಾಗಿಸಿದರೆ 0.72 ಓಮ್. ನನ್ನದು 0.63. ಮೀಟರು ಇಟ್ಟು ನೋಡಿದಾಗಲೂ ಅಷ್ಟೇ ಬಂತು. ಸಹಿ ಹಾಕಿದೆ.

ಅಳೆದದ್ದು ಡಿಸೆಂಬರಿನ ಒಂದು ಬೆಳಗ್ಗೆ. ಓವನ್ ಇನ್ನೂ ಬಂದಿರಲಿಲ್ಲ, ಗೋಡೆ ತಣ್ಣಗಿತ್ತು, ವೈರಿನಲ್ಲಿ ಲೋಡೇ ಇರಲಿಲ್ಲ.

ತಾಮ್ರ ಒಂದೊಂದು ಡಿಗ್ರಿ ಬಿಸಿಯಾದಂತೆ ಅದರ ಅಡ್ಡಿ ಸುಮಾರು ಶೇಕಡಾ 0.4ರಷ್ಟು ಏರುತ್ತದೆ. ಪಿವಿಸಿ ಹೊದಿಕೆಯ ವೈರು 70 ಡಿಗ್ರಿವರೆಗೆ ಕಾಯಬಹುದು. 20ರಿಂದ 70ಕ್ಕೆ ಹೋದರೆ ಅಡ್ಡಿ ಐದನೇ ಒಂದು ಪಾಲು ಹೆಚ್ಚುತ್ತದೆ. ನನ್ನ 0.47 ಆಗ 0.57 ಆಗುತ್ತದೆ, ಒಟ್ಟು 0.73. ಮಿತಿ ದಾಟಿತು. ಡಿಪ್ಲೊಮಾದ ಮೊದಲ ವರ್ಷದಲ್ಲೇ ಕಲಿಯುವ ಗಣಿತ ಇದು, ನನಗೆ ಬರುತ್ತಿತ್ತು. ಅಳತೆಯ ಅಂಕಿ ಕೈಯಲ್ಲಿರುವಾಗ ಗಣಿತ ಯಾಕೆ ಎಂದುಕೊಂಡೆ. ಬ್ರಿಟನ್ನಿನ ವೈರಿಂಗ್ ನಿಯಮಾವಳಿ 32 ಆಂಪಿಯರಿನ ಸಿ ಕರ್ವ್‌ಗೆ ಕೊಡುವ ಗರಿಷ್ಠ ಮಿತಿ 0.68. ತಣ್ಣಗಿದ್ದಾಗ ಅಳೆದದ್ದು ಅದರ ಶೇಕಡಾ 80ರ ಒಳಗಿರಬೇಕು ಎಂಬ ರೂಢಿ ಅಲ್ಲಿದೆ, ಅಂದರೆ ಸುಮಾರು 0.55. ಇದನ್ನು ಓದಿಯೂ ಇದ್ದೆ. ಚಳಿದೇಶದವರ ಅತಿ ಜಾಗ್ರತೆ ಎಂದು ಪಕ್ಕಕ್ಕಿಟ್ಟಿದ್ದೆ. ನಮ್ಮ ಬಿಸಿಲು ಅವರ ಲೆಕ್ಕಕ್ಕಿಂತ ಕಠಿಣ ಎಂಬುದು ಆಗ ಹೊಳೆಯಲಿಲ್ಲ.

ಇನ್ನೊಂದು ತಪ್ಪು ನಂಬಿಕೆಯೂ ಇತ್ತು. ಅರ್ತ್ ವೈರಿನಲ್ಲಿ ದಿನವೂ ಕರೆಂಟು ಹರಿಯುವುದಿಲ್ಲ, ಅದು ಬಿಸಿಯಾಗಲು ಕಾರಣವೇ ಇಲ್ಲ ಅಂದುಕೊಂಡಿದ್ದೆ. ಅದು ಬೇರೆ ದಾರಿಯಲ್ಲಿ ಒಂಟಿಯಾಗಿ ಹೋಗಿದ್ದರೆ ಆ ಮಾತು ಸರಿ. ಒಂದೇ ಪೈಪಿನೊಳಗೆ ಬಿಸಿಯಾದ ಫೇಸ್ ವೈರಿಗೆ ಅಂಟಿಕೊಂಡಿದ್ದರೆ ಅದೂ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಆ ಪೈಪು ಓವನ್ನಿನ ಮೇಲಿನ ಛಾವಣಿಗುಂಟ ಹೋಗಿತ್ತು. ನನ್ನ ಸುತ್ತಿನ ಅಡ್ಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ತೆಳು ಅರ್ತ್ ವೈರಿನದೇ ಆಗಿತ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು ಆರ್‌ಸಿಸಿಬಿಯ ವಿಷಯದಲ್ಲಿ ಮಾಡಿದ್ದು. ಸಣ್ಣ ಸೋರಿಕೆಗೇ ಬೀಳುವ ಅದು ಇದ್ದಿದ್ದರೆ ಹುಡುಗನ ಕೈಗೆ ಹೆಚ್ಚಿನದೇನೂ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಓವನ್ನಿನ ಹೀಟರ್ ತೇವ ಹೀರಿ ಬೆಳಗ್ಗೆ ಬೆಳಗ್ಗೆ ಆರ್‌ಸಿಸಿಬಿ ಟ್ರಿಪ್ ಆಗುತ್ತಿತ್ತು, ಬ್ರೆಡ್ಡಿನ ಹಿಟ್ಟು ಹುಳಿಯಾಗುತ್ತಿತ್ತು. ಮಾಲೀಕರು ಅದನ್ನು ಬೈಪಾಸ್ ಮಾಡಿಸಲು ಕೇಳಿದಾಗ ನಾನು ಬೇಡ ಅನ್ನಲಿಲ್ಲ. ಲೂಪ್ ಮಿತಿಯೊಳಗಿದೆ, ಎಂಸಿಬಿ ಸಾಕು ಎಂದೆ. 0.63ರ ಬಲದ ಮೇಲೆ ಆಡಿದ ಮಾತು ಅದು.

ಮೇ ತಿಂಗಳ ಮಧ್ಯಾಹ್ನ, ಓವನ್ನಿನ ಹಿಂಬದಿಯ ಟರ್ಮಿನಲ್‌ನಲ್ಲಿ ವೈರಿನ ಹೊದಿಕೆ ಸುಟ್ಟು ಫೇಸ್ ಮೈಗೆ ತಾಗಿತು. ಹುಡುಗ ಬಾಗಿಲ ಹಿಡಿಕೆ ಹಿಡಿದಿದ್ದ. ಎಂಸಿಬಿ ಕೆಲವು ಸೆಕೆಂಡ್ ಕಳೆದ ಮೇಲೆ ಬಿತ್ತು.

ಮಾಲೀಕರು ಬೈಯಲಿಲ್ಲ. "ಸಾಹೇಬ್ರ, ನೀವೇ ನೋಡಿ ಎಲ್ಲಾ ಬರೋಬರಿ ಅದ ಅಂದಿದ್ರಲ್ರೀ?" ಅಂದರು ಅಷ್ಟೆ. ಆ ರಾತ್ರಿ ಟರ್ಮಿನಲ್ ಸರಿಮಾಡಿ, ಎಲ್ಲ ತಣ್ಣಗಾದ ಮೇಲೆ ಅಳೆದೆ. ಹಳೆಯ ಅಂಕಿಯೇ ಬಂತು. ಮರುದಿನ ಓವನ್ ಮಧ್ಯಾಹ್ನದವರೆಗೆ ಉರಿಸಿ, ನಿಲ್ಲಿಸಿದ ಕೂಡಲೇ ಅಳೆದೆ. 0.70. ಆ ಹೊತ್ತಿಗೆ ವೋಲ್ಟೇಜ್ ಎಷ್ಟೆಂದು ನೋಡಿದರೆ 215. ಭಾಗಿಸಿ ನೋಡಿದೆ, 307 ಆಂಪಿಯರ್. ಕಾಗದದ ಮೇಲಿನ 0.72 ಓಮನ್ನು ದಾಟದೆಯೇ 320ರ ಭರವಸೆ ತಪ್ಪಿಹೋಗಿತ್ತು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಿಸಿಲು ಏರಿದಾಗಲೇ ಊರಿನ ಫ್ಯಾನು, ಕೂಲರು ಎಲ್ಲ ತಿರುಗುತ್ತವೆ, ವೋಲ್ಟೇಜ್ ಇಳಿಯುವುದೂ ಆಗಲೇ. ಅಡ್ಡಿ ಏರುವ ಹೊತ್ತೂ ಅದನ್ನು ಗೆಲ್ಲಬೇಕಾದ ಒತ್ತಡ ಇಳಿಯುವ ಹೊತ್ತೂ ಒಂದೇ. ಸಿ ಕರ್ವ್ ಎಂಸಿಬಿಗಳಲ್ಲಿ ಕೆಲವು 200 ಆಂಪಿಯರಿಗೇ ಬೀಳಬಹುದು, ಕೆಲವು ಹತ್ತು ಪಟ್ಟಿನ ಅಂಚಿನವರೆಗೂ ಕಾಯಬಹುದು, ಎರಡೂ ನಿಯಮಬದ್ಧ. ಸುಟ್ಟ ಟರ್ಮಿನಲ್ಲೂ ತನ್ನ ಪಾಲಿನ ಅಡ್ಡಿ ಸೇರಿಸಿರಬೇಕು. 307 ಆಂಪಿಯರ್ ಹರಿದರೆ ಆ ಬಿಸಿ ಅರ್ತ್ ವೈರಿನಲ್ಲಿ ನಿಲ್ಲುವ ವೋಲ್ಟೇಜ್ ಸುಮಾರು 118. ಓವನ್ನಿನ ಬಾಗಿಲ ಮೇಲೆ ಇರುವುದೂ ಹತ್ತಿರಹತ್ತಿರ ಅಷ್ಟೇ.

ಆಮೇಲೆ ಮಾಡಿದ ದುರಸ್ತಿ ಎಷ್ಟು ಸುಲಭದ್ದು ಎಂಬುದೇ ನನ್ನನ್ನು ಹೆಚ್ಚು ಕುಟುಕಿತು. ಅರ್ತ್‌ಗೂ 6 ಸ್ಕ್ವೇರ್ ವೈರು ಎಳೆಸಿದೆ. 70 ಡಿಗ್ರಿಯಲ್ಲೂ ಒಟ್ಟು ಅಡ್ಡಿ 0.49ರ ಸುತ್ತ ನಿಂತಿತು. ಎಂಸಿಬಿಯನ್ನು ಬಿ ಕರ್ವ್‌ಗೆ ಬದಲಿಸಿದೆ. ಓವನ್ ಬರೀ ಹೀಟರ್, ಅದಕ್ಕೆ ಮೋಟರಿನ ಹಾಗೆ ಸ್ಟಾರ್ಟ್ ಆಗುವಾಗ ಕರೆಂಟು ಚಿಮ್ಮುವುದಿಲ್ಲ, ಸಿ ಕರ್ವ್ ಬೇಕಾಗಿಯೇ ಇರಲಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಸಿ, ಹಾಗಾಗಿ ಅದನ್ನೇ ತಂದಿದ್ದೆವು. ಬಿ ಕರ್ವ್ 160 ಆಂಪಿಯರಿಗೆ ಬೀಳಲೇಬೇಕು, ಅದರ ಮಿತಿ 1.44 ಓಮ್. ಹೀಟರ್ ಬದಲಿಸಿ ಆರ್‌ಸಿಸಿಬಿ ಮತ್ತೆ ಜೋಡಿಸಿದೆ. ಹುಡುಗನ ಚಿಕಿತ್ಸೆಯ ಖರ್ಚು ಮತ್ತು ಕೂಲಿ ನಾನೇ ಕೊಟ್ಟೆ. ಅದರಿಂದ ಅವನ ಭುಜದ ನೋವು ಹೋಗಿಲ್ಲ.

ಮನೆಯಂಗಳದಲ್ಲಿ ಗುಂಡಿ ತೋಡಿ ಅರ್ತ್ ಮಾಡಿದ ಕಡೆ ಈ ಲೆಕ್ಕವೇ ಬೇರೆ. ಅಲ್ಲಿ ಸುತ್ತು ಮಣ್ಣಿನ ಮೂಲಕ ಮುಗಿಯುತ್ತದೆ, ಅಡ್ಡಿ ಎಷ್ಟೋ ಓಮ್ ಇರುತ್ತದೆ, ತಾಮ್ರದ ಬಿಸಿ ಅದರಲ್ಲಿ ಕಾಣುವುದೂ ಇಲ್ಲ. ಬೇಸಿಗೆಯಲ್ಲಿ ಒಣಗುವ ಮಣ್ಣೇ ಅಲ್ಲಿನ ಚಿಂತೆ. ಆರ್‌ಸಿಸಿಬಿ ಇಲ್ಲದೆ ಅಲ್ಲಿ ರಕ್ಷಣೆಯೇ ಇಲ್ಲ.

ಈಗ ನನ್ನ ವರದಿಯಲ್ಲಿ ಲೂಪ್ ಅಂಕಿಯ ಪಕ್ಕ ಅಳೆದಾಗಿನ ಉಷ್ಣತೆ ಬರೆಯುವ ಕಾಲಂ ಇದೆ. 20 ಡಿಗ್ರಿಯಲ್ಲಿ ಅಳೆದರೆ ವೈರಿನ ಪಾಲನ್ನು 1.2ರಿಂದ ಗುಣಿಸುತ್ತೇನೆ, 35ರಲ್ಲಿ ಅಳೆದಿದ್ದರೆ 1.13 ಸಾಕು. 90 ಡಿಗ್ರಿ ತಾಳುವ ಎಕ್ಸ್‌ಎಲ್‌ಪಿಇ ಕೇಬಲ್ ಪೂರ್ತಿ ಲೋಡಿನಲ್ಲಿದ್ದರೆ 20ರಿಂದ ಲೆಕ್ಕ ಹಾಕಿ 1.28 ಹಿಡಿಯುತ್ತೇನೆ. ಹಿಂದೆ ಸಹಿ ಹಾಕಿದ ಕಡೆಗಳಲ್ಲಿ ಉದ್ದದ ಸರ್ಕ್ಯೂಟುಗಳಿರುವ ಜಾಗಗಳಿಗೆ ನನ್ನ ಖರ್ಚಿನಲ್ಲೇ ಹೋಗಿ ಮತ್ತೆ ಅಳೆಯುತ್ತಿದ್ದೇನೆ. ಕೆಲವು ಮಾಲೀಕರು, ಅಂದು ಸರಿ ಇದ್ದದ್ದು ಇಂದು ಹೇಗೆ ತಪ್ಪಾಯಿತು ಎಂದು ಒಳಗೇ ಬಿಡುತ್ತಿಲ್ಲ. ಅವರಿಗೆ ಲೆಕ್ಕವನ್ನು ಕನ್ನಡದಲ್ಲಿ ಬರೆದು ಕೊಟ್ಟು ಬಂದಿದ್ದೇನೆ, ಬೇಸಿಗೆಗೆ ಮುಂಚೆ ಮತ್ತೆ ಹೋಗಿ ಕೇಳುತ್ತೇನೆ.