ಸಿಗುತ್ತಾ, ಸರ್?

ನ್ಯೂಜೆರ್ಸಿ, ಅಕ್ಟೋಬರ್ 2024

ಮಗಳ ಮನೆಗೆ ಬಂದು ಹದಿನೈದು ದಿನವಾಯಿತು. ಮೊಮ್ಮಗ ಈಗ ಹನ್ನೆರಡನೇ ಕ್ಲಾಸು. ಊಟಕ್ಕೆ ಕೂತರೆ ಒಂದೇ ಮಾತು, ಇವನಿಗೆ ಯಾವ ಕಾಲೇಜು ಸಿಗಬಹುದು ಅಂತ. ನನಗೇನೂ ಹೊಸ ವಿಷಯವಲ್ಲ. ಮೈಸೂರಿನಲ್ಲಿ ಮೂವತ್ತೊಂದು ವರ್ಷ ಪಿಯುಸಿಗೆ ಗಣಿತ ಹೇಳಿದವನು. ರಿಟೈರಾದ ಮೇಲೂ ಸಿಇಟಿ ರಿಸಲ್ಟ್ ಬಂತೆಂದರೆ ಕುವೆಂಪುನಗರದ ನಮ್ಮ ಜಗಲಿಗೆ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಕೈಯಲ್ಲಿ ರ್ಯಾಂಕಿನ ಪ್ರಿಂಟೌಟು, ಬಾಯಲ್ಲಿ "ಸಿಗುತ್ತಾ, ಸರ್?" ನಾನು ಹೋದ ವರ್ಷದ ಕಟಾಫ್ ಪಟ್ಟಿ ತೆಗೆದು, ಕಾಲೇಜಿನ ಸಾಲಿನ ಮೇಲೆ ಸ್ಕೇಲ್ ಇಟ್ಟು, ಜಿಎಂ, ಜಿಎಂಆರ್, 2ಎಜಿ, 3ಬಿಜಿ ಎಂದು ಆ ಹುಡುಗನ ಕಾಲಂ ಹುಡುಕಿ, ಸಿಗುತ್ತೆ ಅಥವಾ ಇಲ್ಲ ಅಂದುಬಿಡುತ್ತೇನೆ. ಕಾಫಿ ಆರುವುದರೊಳಗೆ ಮುಗಿಯುವ ಕೆಲಸ.

ಇಲ್ಲೂ ಅದೇ ಗತ್ತಿನಲ್ಲಿ ಕೇಳಿದೆ: "ಇವನ ರ್ಯಾಂಕ್ ಎಷ್ಟು?"

ಮಗಳು ನಕ್ಕಳು. "ಇವರ ಸ್ಕೂಲಲ್ಲಿ ರ್ಯಾಂಕ್ ಕೊಡಲ್ಲಪ್ಪಾ."

*

ಅಂಕ ಇದೆ. ಎಸ್‌ಎಟಿಯಲ್ಲಿ 1600ಕ್ಕೆ 1540. ಜಿಪಿಎ ನಾಲ್ಕಕ್ಕೆ ನಾಲ್ಕೂವರೆ. ತಪ್ಪು ಕೇಳಿಸಿತೇನೋ ಎಂದು ಮತ್ತೆ ಕೇಳಿದೆ. ಇಲ್ಲ, ನಾಲ್ಕಕ್ಕೆ ನಾಲ್ಕೂವರೆಯೇ. ಕಷ್ಟದ ಎಪಿ ವಿಷಯ ತೆಗೆದುಕೊಂಡರೆ ಹೆಚ್ಚು ತೂಕವಂತೆ. ನನ್ನ ಇಡೀ ಸರ್ವೀಸಿನಲ್ಲಿ ಯಾರಿಗೂ ನೂರಕ್ಕೆ ನೂರಹನ್ನೆರಡು ಕೊಟ್ಟಿದ್ದಿಲ್ಲ. ಕೊಟ್ಟಿದ್ದರೆ ಪ್ರಿನ್ಸಿಪಾಲರು ರಜೆ ಹಾಕಿ ಮನೆಗೆ ಹೋಗು ಅನ್ನುತ್ತಿದ್ದರು.

*

ಅಳಿಯ ಲ್ಯಾಪ್‌ಟಾಪಿನಲ್ಲಿ ಒಂದು ನಕ್ಷೆ ತೋರಿಸಿದರು. ಇದೇ ಹೈಸ್ಕೂಲಿನಿಂದ ಒಂದು ಕಾಲೇಜಿಗೆ ಅರ್ಜಿ ಹಾಕಿದ ಹಳೇ ಮಕ್ಕಳೆಲ್ಲ ಅದರಲ್ಲಿ ಚುಕ್ಕೆಗಳಾಗಿದ್ದಾರೆ. ಅಡ್ಡಕ್ಕೆ ಜಿಪಿಎ, ಮೇಲಕ್ಕೆ ಎಸ್‌ಎಟಿ. ಹಸಿರಾದರೆ ಸಿಕ್ಕಿತು, ಕೆಂಪಾದರೆ ಇಲ್ಲ. ಅಬ್ಬಾ, ಕೊನೆಗೂ ಕಟಾಫ್ ಪಟ್ಟಿ ಸಿಕ್ಕಿತು ಎಂದು ಕನ್ನಡಕ ಏರಿಸಿದೆ. ಬಲಗಡೆ ಮೇಲಿನ ಮೂಲೆಯಲ್ಲಿ ಹಸಿರೂ ಕೆಂಪೂ ಅವಲಕ್ಕಿ ಒಗ್ಗರಣೆಗೆ ಬಿದ್ದ ಮೆಣಸಿನಕಾಯಿಯ ಹಾಗೆ ಕಲಸಿಹೋಗಿವೆ. 1590 ತೆಗೆದ ಒಬ್ಬನಿಗೆ ಕೆಂಪು. ಬಹಳ ಕೆಳಗೆ, 1380ರ ಹತ್ತಿರ, ಒಂಟಿ ಹಸಿರು.

"ಇದು ಯಾರು?"

"ಅವನು ಲಕ್ರಾಸ್ ಆಡ್ತಿದ್ನಂತೆ ಮಾವ."

ನಮ್ಮಲ್ಲಿ ಒಂದೇ ಕಾಲೇಜು, ಒಂದೇ ಕೋರ್ಸು, ಒಂದೇ ಕೆಟಗರಿಯಲ್ಲಿ 1,400ನೇ ರ್ಯಾಂಕಿನವನಿಗೆ ತಪ್ಪಿ 3,100ನೇ ರ್ಯಾಂಕಿನವನಿಗೆ ಸಿಕ್ಕಿದ್ದರೆ, ಮೊದಲಿನವನ ಅಪ್ಪ ಮರುದಿನ ಬೆಳಗಾಗುವಷ್ಟರಲ್ಲಿ ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದ ಬಾಗಿಲಲ್ಲಿ ನಿಂತಿರುತ್ತಿದ್ದ. ಇಲ್ಲಿ ಯಾರೂ ಎಲ್ಲೂ ಹೋಗಿ ನಿಲ್ಲುವುದಿಲ್ಲ. "ಹೋಲಿಸ್ಟಿಕ್" ಅನ್ನುತ್ತಾರೆ, ಸುಮ್ಮನಾಗುತ್ತಾರೆ.

*

ಕಾಲೇಜುಗಳೇ ವರ್ಷಕ್ಕೊಂದು ದಾಖಲೆ ಹೊರಡಿಸುತ್ತವೆ. ಅದರಲ್ಲಿ ಒಂದು ಕೋಷ್ಟಕ. ಅಂಕ, ಪ್ರಬಂಧ, ಮೇಷ್ಟ್ರ ಶಿಫಾರಸು, ಸ್ವಭಾವ, ಅಪ್ಪ ಅಮ್ಮ ಅಲ್ಲೇ ಓದಿದ್ದರೇ ಎಂಬುದು, ಎಲ್ಲಕ್ಕೂ ಒಂದೊಂದು ಟಿಕ್: ಬಹಳ ಮುಖ್ಯ, ಮುಖ್ಯ, ಪರಿಗಣಿಸಲಾಗುತ್ತದೆ, ಪರಿಗಣಿಸುವುದಿಲ್ಲ. ಈ "ಪರಿಗಣಿಸಲಾಗುತ್ತದೆ" ನನಗೆ ಚೆನ್ನಾಗಿ ಪರಿಚಯ. ವರ್ಗಾವಣೆ ಕೇಳಿ ಹಾಕಿದ ಅರ್ಜಿಗೆಲ್ಲ ಇಲಾಖೆಯಿಂದ ನನಗೆ ಬರುತ್ತಿದ್ದ ಉತ್ತರ ಅದೇ.

*

ಅಳಿಯನ ಎಕ್ಸೆಲ್. ಇಪ್ಪತ್ತು ಕಾಲೇಜು, ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಇರುವ ಮಿತಿಯೇ ಅಷ್ಟು. ಕೆಂಪು ಸಾಲು ರೀಚ್, ಸಿಗುವುದು ಕಷ್ಟ; ಹಳದಿ ಟಾರ್ಗೆಟ್, ಸಿಗಬಹುದು; ಹಸಿರು ಸೇಫ್ಟಿ, ಸಿಗುವ ಭರವಸೆ ಇರುವುದು. ರಟ್ಗರ್ಸ್ ಹಸಿರಿನಲ್ಲಿದೆ. ಒಂದೊಂದರ ಮುಂದೆಯೂ "ಚಾನ್ಸ್" ಅನ್ನುವ ಕಾಲಂ.

"ನೋಡಿ ಮಾವ, ಒಂದೊಂದರಲ್ಲಿ ಬರೀ ಶೇ 5 ಅಂತ ಇಟ್ಟುಕೊಂಡರೂ, ಇಪ್ಪತ್ತಕ್ಕೆ ಹಾಕಿದರೆ ಎಲ್ಲಾದರೂ ಒಂದು ಕಡೆ ಸಿಗುವ ಸಾಧ್ಯತೆ ಶೇ 64."

ಗುಣಾಕಾರ ಸರಿಯಾಗಿದೆ. 0.95ನ್ನು ಇಪ್ಪತ್ತು ಸಲ ಗುಣಿಸಿದರೆ 0.36ರ ಹತ್ತಿರ ಬರುತ್ತದೆ, ಒಂದರಲ್ಲಿ ಕಳೆದರೆ 0.64. ಆದರೆ ಇದೇ ತಪ್ಪಿಗೆ ನಾನು ಎಷ್ಟು ಜನಕ್ಕೆ ಅರ್ಧ ಮಾರ್ಕು ಕತ್ತರಿಸಿಲ್ಲ! ಇಪ್ಪತ್ತು ಸಲ ದಾಳ ಹಾಕಿದರೆ ಈ ಲೆಕ್ಕ ನಡೆಯುತ್ತದೆ, ಯಾಕೆಂದರೆ ಒಂದು ಸಲ ಬಿದ್ದದ್ದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಇಲ್ಲಿ ಇಪ್ಪತ್ತೂ ಕಡೆಗೆ ಹೋಗುವುದು ಅದೇ ಅಂಕ, ಅದೇ ಪ್ರಬಂಧ, ಅದೇ ಮೇಷ್ಟ್ರ ಪತ್ರ. ಒಂದೇ ತೆಂಗಿನಕಾಯಿಯನ್ನು ಇಪ್ಪತ್ತು ಜನ ಅಲ್ಲಾಡಿಸಿ ನೋಡಿದ ಹಾಗೆ. ಒಳಗೆ ನೀರಿಲ್ಲದಿದ್ದರೆ ಇಪ್ಪತ್ತು ಕಿವಿಗೂ ಒಂದೇ ಸದ್ದು. (ನಮ್ಮ ಹುಡುಗನಲ್ಲಿ ನೀರಿದೆ, ಅದು ಬೇರೆ ಮಾತು.)

ಅಳಿಯನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಹೌದಲ್ವಾ ಅಂದರು. 64 ಮಾತ್ರ ಹಾಗೇ ಇದೆ.

*

ಹಾರ್ವರ್ಡಿಗೆ ಈ ವರ್ಷ ಬಂದ ಅರ್ಜಿ 54,008. ಸೀಟು ಕೊಟ್ಟದ್ದು 1,937 ಜನಕ್ಕೆ. ಶೇ 3.6. ಹಾಗಾದರೆ ನಮ್ಮ ಹುಡುಗನದೂ ಶೇ 3.6 ತಾನೇ ಅನ್ನುವಂತಿಲ್ಲ. ಆ ಕಾಲೇಜಿನ ಮೇಲೆ ನಡೆದ ಮೊಕದ್ದಮೆಯ ವಿಷಯ ಊರಿನ ಲೈಬ್ರರಿಯಲ್ಲಿ ಕೂತು ಓದಿದೆ. 2018ರಲ್ಲಿ ಬಾಸ್ಟನ್ನಿನಲ್ಲಿ ವಿಚಾರಣೆ, 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಸೀಟು ಕೊಡುವಾಗ ಜನಾಂಗವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದಿತು. ನನ್ನ ಕಣ್ಣು ನಿಂತದ್ದು ಒಳಗಿನ ವಿವರಗಳ ಮೇಲೆ. ಓದು, ಚಟುವಟಿಕೆ, ಆಟ, ವ್ಯಕ್ತಿತ್ವ, ಎಲ್ಲಕ್ಕೂ ಅಂಕ ಹಾಕುತ್ತಾರಂತೆ, 1 ಅಂದರೆ ಶ್ರೇಷ್ಠ. ಏಷ್ಯಾ ಮೂಲದ ಮಕ್ಕಳಿಗೆ ಓದಿನಲ್ಲಿ ಒಳ್ಳೆಯ ಅಂಕ, ವ್ಯಕ್ತಿತ್ವದಲ್ಲಿ ಸರಾಸರಿ ಕಡಿಮೆ. ಆ ಮಕ್ಕಳಲ್ಲಿ ಹೆಚ್ಚಿನವರ ಮುಖವನ್ನು ಕಾಲೇಜಿನ ಅಡ್ಮಿಷನ್ ಕಚೇರಿಯವರು ನೋಡಿಯೂ ಇರಲಿಲ್ಲ.

ಅದೇ ದಾಖಲೆಗಳಿಂದ ಅರ್ಥಶಾಸ್ತ್ರಜ್ಞರು ಇನ್ನೊಂದು ಲೆಕ್ಕ ತೆಗೆದಿದ್ದಾರೆ: ಸೀಟು ಸಿಕ್ಕ ಬಿಳಿಯ ಮಕ್ಕಳಲ್ಲಿ ಶೇ 43ಕ್ಕೂ ಹೆಚ್ಚು ಜನ ಕಾಲೇಜೇ ಆರಿಸಿಕೊಂಡ ಆಟಗಾರರು, ಹಳೇ ವಿದ್ಯಾರ್ಥಿಗಳ ಮಕ್ಕಳು, ಅಲ್ಲಿನ ಸಿಬ್ಬಂದಿಯ ಮಕ್ಕಳು, ಇಲ್ಲವೇ ಡೀನರ ವಿಶೇಷ ಪಟ್ಟಿಯವರು. ಅಂಥವರನ್ನೆಲ್ಲ ಸೇರಿಸಿ ತೆಗೆದ ಸರಾಸರಿ ಆ 3.6. ಮೃದಂಗ ಬಾರಿಸುವ ನಮ್ಮ ಎಡಿಸನ್ ಊರಿನ ಹುಡುಗನಿಗೆ ಅದರಲ್ಲಿ ಎಷ್ಟು ಉಳಿಯಿತೋ.

*

ಮೃದಂಗ ಅಂದೆನಲ್ಲ. ಅರ್ಜಿಯಲ್ಲಿ ಹತ್ತು ಚಟುವಟಿಕೆ ಬರೆಯಬಹುದು, ಒಂದೊಂದರ ವಿವರಣೆಗೆ 150 ಅಕ್ಷರ, ಖಾಲಿ ಜಾಗವೂ ಸೇರಿ. ಆರು ವರ್ಷದ ಪಾಠ, ಎರಡು ಕಚೇರಿ, ಒಮ್ಮೆ ಬಲಗೈ ಹೆಬ್ಬೆರಳು ಊದಿಕೊಂಡದ್ದು, ಎಲ್ಲ ಅಷ್ಟರೊಳಗೆ ಕೂರಬೇಕು. ವಾದ್ಯದ ಹೆಸರು ಇಂಗ್ಲಿಷಿನಲ್ಲಿ ಬರೆದರೇ ಒಂಬತ್ತು ಅಕ್ಷರ ಖರ್ಚು. ಕನ್ನಡದಲ್ಲಿ ಮೂರರಲ್ಲಿ ಮುಗಿಯುತ್ತಿತ್ತು ಎಂದೆ. "ತಾತ, ಪ್ಲೀಸ್" ಅಂದ.

*

ಅಕ್ಟೋಬರ್ ಕೊನೆ

ಜೂಮ್‌ನಲ್ಲಿ ಕಾಲೇಜು ಅರ್ಜಿಯ ಸಲಹೆಗಾರ್ತಿ. ಗಂಟೆಯ ಲೆಕ್ಕದಲ್ಲಿ ದುಡ್ಡು. ಎಷ್ಟೆಂದು ಮಗಳು ನನಗೆ ಹೇಳಲಿಲ್ಲ, ಅಂದಮೇಲೆ ಜಾಸ್ತಿಯೇ. ಪ್ರಬಂಧದ ಮಿತಿ 650 ಪದ. ನಮ್ಮ ಹುಡುಗ ನನ್ನ ಮೇಲೇ ಬರೆದಿದ್ದನಂತೆ! ಸೀಮೆಸುಣ್ಣ, ಕೆಮ್ಮು, ಜಗಲಿಗೆ ಬರುವ ಮಕ್ಕಳು. ಆಕೆ ಬಹಳ ಮರ್ಯಾದೆಯಿಂದ ಹೇಳಿದರು: ಅಜ್ಜ ಅಜ್ಜಿಯ ಮೇಲೆ ತುಂಬಾ ಜನ ಬರೆಯುತ್ತಾರೆ, ಬೇರೆ ಏನಾದರೂ ಹುಡುಕು.

ನಾನು ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದೆ. ಕೇಳಿಸಿಕೊಳ್ಳದವನ ಹಾಗೆ ತೆಗೆಯುತ್ತಲೇ ಇದ್ದೆ.

ರಾತ್ರಿ ಹನ್ನೊಂದಕ್ಕೆ ಹೊಸ ಪ್ರಬಂಧ ತಂದ. ಅಪ್ಪ ಹೇಳಿದ್ದಕ್ಕೂ ಅಜ್ಜಿ ಹೇಳಿದ್ದಕ್ಕೂ ತಾಳೆಯಾಗದ ಕುಕ್ಕರ್ ಸೀಟಿಯ ಲೆಕ್ಕದ ಮೇಲೆ. 658 ಪದ ಆಗಿದೆ, ಎಂಟು ಕಡಿಮೆ ಮಾಡಬೇಕು. ಇಬ್ಬರೂ ಕೂತು "ವೆರಿ"ಗಳನ್ನು ಹುಡುಕಿ ಹುಡುಕಿ ತೆಗೆದೆವು. ಐದು ಸಿಕ್ಕವು. ಉಳಿದ ಮೂರಕ್ಕೆ ಅಜ್ಜಿಯ ಒಂದು ವಾಕ್ಯವೇ ಹೋಯಿತು.

*

ನವೆಂಬರ್ 1ಕ್ಕೆ ಅರ್ಲಿ ಡಿಸಿಷನ್ ಅರ್ಜಿ ಹೋಯಿತು. ಒಂದೇ ಕಾಲೇಜಿಗೆ ಹಾಕಬಹುದು, ಸಿಕ್ಕರೆ ಸೇರಲೇಬೇಕು. ಹೆಣ್ಣು ಒಪ್ಪಿದರೆ ಬೇರೆ ಮನೆ ನೋಡುವ ಹಾಗಿಲ್ಲ. ಹೀಗೆ ಮಾತು ಕೊಟ್ಟವರಿಗೆ ಚಾನ್ಸ್ ಜಾಸ್ತಿಯಂತೆ.

*

ನಿದ್ದೆ ಬಾರದ ರಾತ್ರಿ. ಇವರನ್ನು ನೋಡಿ ನಗುವ ನಾನೇನು ಮಹಾ ತ್ರಿಕಾಲಜ್ಞಾನಿಯೇ? ಸಿಇಟಿ ಅಂಕ ಹೇಳಿ ರ್ಯಾಂಕ್ ಕೇಳುವವರಿಗೆ ಇಟ್ಟುಕೊಂಡಿದ್ದ ನನ್ನ ಅಂದಾಜು 2021ರಲ್ಲಿ ಪೂರ್ತಿ ಕೈಕೊಟ್ಟಿತು. ಕೋವಿಡ್‌ನಿಂದ ಪಿಯು ಪರೀಕ್ಷೆ ನಡೆಯಲಿಲ್ಲ. ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅನ್ನುವ ಸೂತ್ರ ಬಿಟ್ಟು ಬರೀ ಸಿಇಟಿ ಮೇಲೆ ರ್ಯಾಂಕ್ ಕೊಟ್ಟರು. ಮರುವರ್ಷ ಹಳೇ ಬ್ಯಾಚಿನ ಮಕ್ಕಳು ಹೈಕೋರ್ಟಿಗೆ ಹೋಗಿ, ರ್ಯಾಂಕ್ ಪಟ್ಟಿಯನ್ನೇ ಮತ್ತೆ ಮಾಡಬೇಕಾಯಿತು.

ಅದಕ್ಕೂ ಹಿಂದಿನದೊಂದು. ಹಿಂದಿನ ಬೀದಿಯ ಹುಡುಗ. ಪಟ್ಟಿಯಲ್ಲಿ ಮುನ್ನೂರು ರ್ಯಾಂಕಿನ ಅಂತರ ಕಂಡು "ಸಿಕ್ಕೇ ಸಿಗುತ್ತೆ, ಸ್ವೀಟ್ ತಗೊಂಡು ಬಾ" ಅಂದುಬಿಟ್ಟಿದ್ದೆ. ಆ ವರ್ಷ ಕಂಪ್ಯೂಟರ್ ಸೈನ್ಸಿಗೆ ಜನ ಮುಗಿಬಿದ್ದರು. ಕಟಾಫ್ ಅವನಿಗಿಂತ ಮೇಲೇ ನಿಂತುಹೋಯಿತು. ಅಣಕು ಸೀಟು ಹಂಚಿಕೆಯಲ್ಲಿ ಸಿಕ್ಕಿದೆ ಅಂತ ಅವರಮ್ಮ ಆಗಲೇ ಅರ್ಧ ಕೆಜಿ ಮೈಸೂರುಪಾಕು ತಂದುಕೊಟ್ಟಿದ್ದರು. ತಿಂದೂ ಆಗಿತ್ತು. ನಾನು ಎರಡು ವಾರ ಆ ಬೀದಿಯಲ್ಲಿ ವಾಕಿಂಗ್ ಹೋಗಲಿಲ್ಲ.

*

ಡಿಸೆಂಬರ್ ನಡುವೆ, ಸಂಜೆ

ಅರ್ಲಿ ಡಿಸಿಷನ್ ರಿಸಲ್ಟ್ ಏಳು ಗಂಟೆಗೆ ಬರುತ್ತೆ ಅಂದರು, ಏಳಕ್ಕೇ ಬಂತು. ಹುಡುಗ ರೂಮಿನ ಬಾಗಿಲು ಹಾಕಿಕೊಂಡಿದ್ದ. ನಾವು ಮೂವರು ಕೆಳಗೆ. ಮೆಟ್ಟಿಲ ಮೇಲೆ ಅವನ ಕಾಲಿನ ಸದ್ದು ಕೇಳಿದಾಗ, ಸದ್ದಿನಲ್ಲೇ ರಿಸಲ್ಟ್ ಹೇಳಬಲ್ಲೆ ಅಂದುಕೊಂಡೆ. ಆಗಲಿಲ್ಲ. "ಡಿಫರ್ಡ್" ಅಂದ.

ಹಾಗಂದರೆ ಸಿಕ್ಕಿತು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಉಳಿದವರ ಅರ್ಜಿಯ ಜೊತೆ ಮತ್ತೆ ನೋಡುತ್ತಾರಂತೆ, ಮಾರ್ಚಿನಲ್ಲಿ ಹೇಳುತ್ತಾರಂತೆ. ಜನವರಿ ಕೊನೆಗೆ ನನ್ನ ಟಿಕೆಟ್ಟು.

ಮಗಳು ಅನ್ನ ಸಾರು ಬಡಿಸಿದಳು. ಹುಡುಗ ಎರಡನೇ ಸಲ ಸಾರು ಹಾಕಿಸಿಕೊಂಡ, ಏನೂ ಆಗದವನ ಹಾಗೆ ಯಾವುದೋ ಕ್ರಿಕೆಟ್ ಮ್ಯಾಚಿನ ಮಾತೆತ್ತಿದ. ಅವನು ಮಲಗಲು ಹೋದ ಮೇಲೆ ಅಳಿಯ ಎಕ್ಸೆಲ್ ತೆರೆದರು. ಆ ಕಾಲೇಜಿನ ಸಾಲಿಗೆ ಹೋಗಿ, ಚಾನ್ಸ್ ಕಾಲಮ್ಮಿನಲ್ಲಿದ್ದ ಹಳೇ ಸಂಖ್ಯೆ ಅಳಿಸಿದರು. ಖಾಲಿ ಚೌಕದಲ್ಲಿ ಗೆರೆ ಮಿಣುಕುತ್ತಿತ್ತು.

"ಮಾವ, ನೀವು ಲೆಕ್ಕದ ಮೇಷ್ಟ್ರು. ಈಗ ಎಷ್ಟು ಹಾಕಲಿ?"

ಕನ್ನಡಕ ಮೇಲಿದೆ, ತರುತ್ತೇನೆ ಎಂದು ಎದ್ದೆ. ಅದು ಮೂಗಿನ ಮೇಲೇ ಇತ್ತು.