ಮಾಕುಟ್ಟ ಘಾಟಿಯ ಲಾರಿಗಳು

ವಿರಾಜಪೇಟೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನಗೆ ಬ್ರಹ್ಮಗಿರಿ ಸಾಲು ಚಾರಣದ ಬೆಟ್ಟವಾಗಿರಲಿಲ್ಲ. ನಮ್ಮ ಸರಕು ಇಳಿಯುವ, ಕೇರಳದ ಸರಕು ಹತ್ತುವ ಹಾದಿ, ಅಷ್ಟೇ. ಇರ್ಪು ಕಡೆ ಬಿದ್ದ ಮಳೆ ಲಕ್ಷ್ಮಣತೀರ್ಥವಾಗಿ ಕಾವೇರಿ ಸೇರಿ ಬಂಗಾಳಕೊಲ್ಲಿಯ ದಾರಿ ಹಿಡಿಯುತ್ತದೆ. ಪಶ್ಚಿಮದ ಮಗ್ಗುಲಿನದು ಬರಪೊಳೆಯಾಗಿ ಅರಬ್ಬಿ ಸಮುದ್ರಕ್ಕೆ. ಈ ಹಾದಿಯಲ್ಲಿ ರಾಜ್ಯದ ಗಡಿ ಮಾತ್ರ ನೆತ್ತಿಯ ಮೇಲಿಲ್ಲ. ಮಾಕುಟ್ಟದಾಚೆ, ಘಾಟಿಯ ಬುಡದಲ್ಲಿದೆ. ಸುಮಾರು 900 ಮೀಟರ್ ಎತ್ತರದ ನಮ್ಮೂರಿಂದ ಸ್ವೆಟರ್ ಹಾಕಿಕೊಂಡು ಹೊರಟ ಕ್ಲೀನರ್ ಹುಡುಗ ಅಲ್ಲಿ ಅಂಗಿಯನ್ನೂ ಬಿಚ್ಚುತ್ತಿದ್ದ.

1956ರ ನವೆಂಬರ್ 1ರವರೆಗೆ ಕೊಡಗೇ ಒಂದು ರಾಜ್ಯ, ಕೆಳಗಿನ ಮಲಬಾರು ಮದ್ರಾಸಿನದು. ಅದಕ್ಕೂ ಎಷ್ಟೋ ಮೊದಲು ಇಲ್ಲಿಂದ ಎತ್ತಿನ ಬೆನ್ನ ಮೇಲೆ ಅಕ್ಕಿ ಇಳಿಯುತ್ತಿತ್ತು, ಕರಾವಳಿಯ ಉಪ್ಪು ಹತ್ತುತ್ತಿತ್ತು. ಘಾಟಿಯ ಕೆಳಗಿನ ಬೈತೂರಪ್ಪ ದೇವರ ಉತ್ಸವಕ್ಕೆ ಕೊಡವರು ಈಗಲೂ ಎತ್ತಿನ ಮೇಲೆ ಅಕ್ಕಿ ಹೇರಿಕೊಂಡೇ ಹೋಗುತ್ತಾರೆ.

ನಾನು ಮಂಡಿ ಸೇರಿದಾಗ ಕಿತ್ತಳೆಯ ಕೊನೆಗಾಲ. ಕಾಫಿ ತೋಟದ ನಡುವೆ ಬೆಳೆದ, ಸಿಪ್ಪೆ ಸಡಿಲಾದ, ಒಂದಿಷ್ಟು ಹುಳಿ ಉಳಿಸಿಕೊಂಡ ಹಣ್ಣು. ತೊಟ್ಟು ಕಿತ್ತ ಹಣ್ಣು ಬೇಗ ಕೊಳೆಯುತ್ತದೆಂದು ಧಣಿ ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದರು. ಆಮೇಲೆ ರೋಗ ಹಿಡಿದು ಮರಗಳು ತುದಿಯಿಂದ ಒಣಗತೊಡಗಿದವು. ತೊಂಬತ್ತರ ದಶಕದಲ್ಲಿ ಕಾಫಿಗೆ ಮುಕ್ತ ಮಾರುಕಟ್ಟೆ ಸಿಕ್ಕಿ ಬೆಲೆ ಏರಿದಾಗ ಒಣಗಿದ ಮರದ ಜಾಗಕ್ಕೆ ಮತ್ತೆ ಕಿತ್ತಳೆ ನೆಡುವ ಗೋಜಿಗೆ ಹೋದವರು ಕಡಿಮೆ. ಕೊಡಗಿನ ಕಿತ್ತಳೆಗೆ ಜಿಐ ಮಾನ್ಯತೆ ಬಂದಾಗ ನಮ್ಮ ಮಂಡಿಯಲ್ಲಿ ಒಂದು ಲಾರಿ ತುಂಬುವಷ್ಟು ಹಣ್ಣಿರಲಿಲ್ಲ. ಸನ್ಮಾನ ತಡವಾಗಿ ಬರುವುದು ಮನುಷ್ಯರಿಗೆ ಮಾತ್ರವಲ್ಲ!

ಇಳಿಯುವ ಸರಕು ಕರಗಿತು, ಹತ್ತುವುದು ಹೆಚ್ಚಿತು. ನಸುಕಿನಲ್ಲಿ ಮತ್ತಿ, ಬಂಗುಡೆಯ ಲಾರಿಗಳು ಐಸ್ ನೀರು ಸುರಿಸುತ್ತ ಘಾಟಿಯ ಮೇಲಿನ ಪೆರುಂಬಾಡಿಗೆ ಬರುತ್ತಿದ್ದವು. ಹಿಂದೆಯೇ ಕೆಂಪುಕಲ್ಲು ಹೇರಿದವು. ಭಾರ ಹೆಚ್ಚಿದಂತೆ ರಸ್ತೆಯ ಅಂಚು ಕುಸಿಯುವುದನ್ನು ನಾವೆಲ್ಲ ನೋಡಿದ್ದೇವೆ. 2018ರ ಜೂನ್‌ನಲ್ಲಿ ಗುಡ್ಡವೇ ಜರಿದು ಘಾಟಿ ಬಂದಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಭಯಕ್ಕೆ ಸರಕಾರವೇ ರಸ್ತೆಗೆ ಮಣ್ಣು ಸುರಿಯಿತು. ಎರಡು ಸಲವೂ ಮೀನಿನ ಪೇಟೆ ಖಾಲಿ ಹೊಡೆಯಿತು.

ಈಗ ಕೇಳಿದವರೆಲ್ಲ ರಸ್ತೆ ಅಗಲವಾಗಲಿ ಎನ್ನುತ್ತಾರೆ. ಆಗಲಿ. ಅದಕ್ಕೆ ಮೊದಲು, ಈ ಮುಂಗಾರು ಹಿಡಿಯುವುದರೊಳಗೆ, ಇರುವ ಮೋರಿ ಚರಂಡಿಗಳ ಹೂಳು ತೆಗೆಸಿ ಸ್ವಾಮೀ.