ನಾಲ್ಕು ನಿಮಿಷದ ಹಾಡು

ಫ್ರಿಜ್ಜಿನ ಬಾಗಿಲಿಗೆ ಮಗಳು ಅಂಟಿಸಿದ್ದ ಚೀಟಿಯನ್ನು ನೋಡಿದಾಗ, ಯಾರದೋ ಮದುವೆಯ ಸಾಮಾನಿನ ಪಟ್ಟಿ ಇರಬೇಕೆಂದುಕೊಂಡೆ. ಕೆಂಪು ಅಂಚಿನ ಸೀರೆ ಒಂದೇ ತರದ್ದು ಎರಡು, ಮಲ್ಲಿಗೆ ನಾಲ್ಕು ಮೊಳ, ಗೆಜ್ಜೆ, ಸೇಫ್ಟಿ ಪಿನ್ನು ಒಂದು ಡಜನ್, ಥರ್ಮಾಕೋಲ್ ಹಾಳೆ ಎರಡು, ಛತ್ರಿ. ಎಲ್ಲಕ್ಕಿಂತ ಕೆಳಗೆ 'ಅಮ್ಮ' ಎಂದು ಬರೆದು ಮುಂದೆ ಒಂದು ಪ್ರಶ್ನೆಯ ಚಿಹ್ನೆ.

"ಏನೇ ಇದು, ಥರ್ಮಾಕೋಲು ಛತ್ರಿಗಳ ಜೊತೆಗೆ ನನ್ನನ್ನೂ ಸೇರಿಸಿಬಿಟ್ಟಿದ್ದೀಯಲ್ಲ!" ಅಂದೆ.

"ನೀನೇ ಮುಖ್ಯ ಕಣಮ್ಮ. ದೊಡ್ಡವರು ಯಾರಾದರೂ ಜೊತೆಗಿದ್ದರೆ ಮಾತ್ರ ಎಲ್ಲರ ಮನೇಲೂ ಕಳಿಸ್ತಾರೆ" ಅಂದಳು.

ವಿಷಯ ಇಷ್ಟು. ಕಾಲೇಜಿನ ಕೊನೆಯ ವರ್ಷದ ಕೆಲಸಕ್ಕಾಗಿ ಐದು ಜನ ಸೇರಿ ನಾಲ್ಕು ನಿಮಿಷದ ಒಂದು ಹಾಡಿನ ವಿಡಿಯೋ ಮಾಡಬೇಕು. ಸಿನಿಮಾ ಹಾಡು ತೆಗೆದುಕೊಂಡರೆ ಹಕ್ಕಿನ ತಕರಾರು. ಹಾಗಾಗಿ ಹಾಡನ್ನೂ ತಾವೇ ಬರೆದಿದ್ದರು. ಯಾರ ಮೇಲೆ ಅಂತೀರಿ? ನಮ್ಮ ವೃಷಭಾವತಿಯ ಮೇಲೆ! ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟಿದಳೆಂದು ಪ್ರತೀತಿ ಇರುವ, ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಸೇರುವ ಹೊಳೆ. ಇಂದು ಅದನ್ನು ಹೊಳೆ ಎನ್ನುವವರು ಯಾರು? ಬಸವೇಶ್ವರನಗರದ ನಮಗೆಲ್ಲ ಅದು 'ದೊಡ್ಡ ಮೋರಿ'. 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೋ ಬಂದ ಮೇಲಂತೂ ಮೂಗು ಮುಚ್ಚಿಕೊಳ್ಳುವ ಕೆಲಸವೂ ತಪ್ಪಿತು. ಗಾಜಿನೊಳಗೆ ಕೂತು ಹೋಗಿಬಿಡುತ್ತೇವೆ.

ಹಾಡಿನಲ್ಲಿ ಹೊಳೆ ಒಬ್ಬ ಹುಡುಗಿ. ಹಳ್ಳಿಯ ಬಯಲಲ್ಲಿ ಕುಣಿಯುತ್ತಾಳೆ, ಕೊನೆಗೆ ಕೆಂಗೇರಿಯ ಸೇತುವೆಯ ಕೆಳಗಿನ ನೊರೆಯಲ್ಲಿ ಕರಗುತ್ತಾಳೆ. ಮಗಳು ನಿರ್ದೇಶಕಿ. ಒಬ್ಬ ಹುಡುಗ ಕ್ಯಾಮೆರಾ, ಇನ್ನೊಬ್ಬ ಸಾಮಾನು ಹೊರುವವನು. ಕನ್ನಡಕದ ಹುಡುಗಿ ಹಾಡಿದವಳು. ಕುಣಿಯುವವಳು ವಿಜಯನಗರದ ಒಬ್ಬ ಹುಡುಗಿ, ಎಂಟನೇ ತರಗತಿಯವರೆಗೆ ಭರತನಾಟ್ಯ ಕಲಿತವಳು.

ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಹೊಸದರಲ್ಲಿ ನವರಂಗ್ ಚಿತ್ರಮಂದಿರದಲ್ಲಿ ನಾನು ನೋಡಿದ ಸಿನಿಮಾಗಳಿಗೆ ಲೆಕ್ಕವಿಲ್ಲ. ನಾಯಕಿ ಬೆಟ್ಟದ ತುದಿಯಲ್ಲಿ ಒಂದು ಚರಣಕ್ಕೆ ಒಂದು ಸೀರೆಯಂತೆ ಉಟ್ಟು ಕುಣಿಯುವಾಗ ನನಗೆ ಬರುತ್ತಿದ್ದ ಯೋಚನೆ ಒಂದೇ: ಪಾಪ, ಇವಳು ಸೀರೆ ಬದಲಾಯಿಸಿದ್ದು ಎಲ್ಲಿ? ಬಹಿರ್ದೆಸೆಗೆ ಹೋದದ್ದು ಎಲ್ಲಿ? ಪುಟ್ಟಣ್ಣ ಕಣಗಾಲರು 1972ರಲ್ಲಿ 'ನಾಗರಹಾವು' ಚಿತ್ರದಲ್ಲಿ ಚಿತ್ರದುರ್ಗದ ಕೋಟೆಯನ್ನು ತೋರಿಸಿದಾಗ ಊರೆಲ್ಲ ಬಂಡೆಗಳನ್ನು ನೋಡಿತು. ನಾನು ಮಾತ್ರ ಆ ಬಂಡೆಗಳ ಹಿಂದೆ ಏನಾದರೂ ಮರೆ ಇದೆಯೇ ಎಂದು ಹುಡುಕುತ್ತಿದ್ದೆ. ಆದ್ದರಿಂದ ಮಕ್ಕಳು 'ಲೊಕೇಶನ್' ಹುಡುಕುತ್ತೇವೆ ಅಂದಾಗ ನನ್ನ ಷರತ್ತು ಒಂದೇ ಆಗಿತ್ತು. ನೋಟ ಹೇಗಾದರೂ ಇರಲಿ, ಕೂಗಳತೆಯಲ್ಲಿ ಒಂದು ಬಚ್ಚಲುಮನೆ ಇರಬೇಕು.

ಮೊದಲ ಭಾನುವಾರ ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರಕ್ಕೆ ಹೋದೆವು. ಸುಮಾರು ಮೂರು ಎಕರೆಗೆ ಹರಡಿದ, ನಾನೂರು ವರ್ಷದ್ದೆಂದು ಹೇಳುವ ಮರ. ತಾಯಿ ಕಾಂಡ ರೋಗ ಬಂದು ಸತ್ತುಹೋಗಿದ್ದರೂ ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ಮಗಳು ಕಣ್ಣರಳಿಸಿಕೊಂಡು ನಿಂತಳು. ಆದರೆ ಕ್ಯಾಮೆರಾ ಹುಡುಗ ಫೋನು ತೆಗೆಯುವಷ್ಟರಲ್ಲಿ ಒಂದು ಕೋತಿ ಬನ್ನಿನ ಪೊಟ್ಟಣವನ್ನು ಹಾರಿಸಿಕೊಂಡು ಹೋಯಿತು. ಭಾನುವಾರದ ಜನವೆಲ್ಲ ನಮ್ಮ ಸುತ್ತ ನೆರೆಯಿತು. ಅಂಥ ಕಡೆ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಬೇಕು, ಅರ್ಜಿ ಬೇಕು. ಕೈಯಲ್ಲಿದ್ದದ್ದು ಹತ್ತೇ ದಿನ. ಕೊನೆಗೆ ನಮ್ಮ ಯಜಮಾನರ ಚಿಕ್ಕಪ್ಪನ ಹೊಲ ನೆನಪಾಯಿತು. ಅಲ್ಲೇ ಹತ್ತಿರದಲ್ಲಿ ಎರಡು ಎಕರೆ ರಾಗಿ, ಒಂದು ಪಂಪ್‌ಸೆಟ್ ಮನೆ, ಅದರ ಹಿಂದೆ ಚಿಲಕವಿರುವ ಒಂದು ಕಕ್ಕಸು. ಅನುಮತಿಯೆಂದರೆ ಒಂದು ಫೋನು: "ಬನ್ನಿಯಮ್ಮ, ಊಟಕ್ಕೆ ಎಷ್ಟು ಜನ?"

ಪಟ್ಟಿಯನ್ನು ನಾನೇ ತಿದ್ದಿದೆ. ಡಿಸೆಂಬರಿನಲ್ಲಿ ಮಲ್ಲಿಗೆಯ ಬೆಲೆ ಕೇಳುವಂತಿಲ್ಲ, ಹೊಡೆದುಹಾಕಿ ಕಾಕಡ ಎಂದು ಬರೆದೆ. ಅದೂ ಎರಡು ದಂಡೆ, ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಬೆಳಗಿನ ಏಳರ ಹೂವು ಹನ್ನೊಂದಕ್ಕೆ ಬಾಡಿದರೆ ಒಂದೇ ಸಾಲಿನ ಹಾಡಿನಲ್ಲಿ ಹೂವು ಅರಳಿ ಬಾಡಿ ಮತ್ತೆ ಅರಳುತ್ತದೆ! ಇದಕ್ಕೆ ಅವರು ಏನೋ ಹೆಸರು ಹೇಳಿದರು. ಮದುವೆ ಮನೆಯಲ್ಲಿ ಮುಹೂರ್ತದ ಫೋಟೋ ಮತ್ತು ಆರತಕ್ಷತೆಯ ಫೋಟೋ ನೋಡಿದ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಹೊರಡುವ ಹಿಂದಿನ ಸಂಜೆ ಆ ವಿಜಯನಗರದ ಹುಡುಗಿ ಮನೆಗೆ ಬಂದಳು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಆಂಟಿ, ನೀವೇ ನಮ್ಮ ಅಪ್ಪನಿಗೆ ಫೋನ್ ಮಾಡ್ತೀರಾ? ಪ್ರಾಜೆಕ್ಟ್ ಅಂತ ಹೇಳಿ. ಕುಣಿಯೋದು ಹೇಳಬೇಡಿ" ಅಂದಳು. ದೊಡ್ಡವಳಾದ ಮೇಲೆ ನಾಟ್ಯ ಬಿಡಿಸಿದ್ದರಂತೆ. ಅವರಪ್ಪ ಕೆಟ್ಟವರಲ್ಲ. ಮಗಳ ಫೀಸಿಗೆಂದು ಎರಡು ಪಾಳಿ ದುಡಿಯುವ ಮನುಷ್ಯ. ಆದರೆ ನಾಲ್ಕು ಜನರ ಮುಂದೆ ಮಗಳು ಕುಣಿಯಕೂಡದು.

ನಾನು ಪಿಯುಸಿಯಲ್ಲಿದ್ದಾಗ ಕಾಲೇಜಿನ ನಾಟಕಕ್ಕೆ 'ಸ್ಪೆಷಲ್ ಕ್ಲಾಸ್' ಎಂದು ಮನೆಯಲ್ಲಿ ಹೇಳಿ ಹೋಗುತ್ತಿದ್ದೆ. ಮೂರನೆಯ ದಿನ ಅಣ್ಣ ಬಂದು ಬಾಗಿಲಲ್ಲಿ ನಿಂತ. ನನ್ನ ಪಾತ್ರವನ್ನು ಬೇರೆ ಯಾರೋ ಮಾಡಿದರು. ಅದು ನೆನಪಾಯಿತೋ ಏನೋ, ಫೋನ್ ತೆಗೆದುಕೊಂಡೆ. "ಕಾಲೇಜಿನ ಪ್ರಾಜೆಕ್ಟು. ಕೆಂಗೇರಿ ಆಚೆ ನಮ್ಮವರದೇ ಹೊಲ. ನಾನು ಬೆಳಗಿನಿಂದ ಜೊತೆಗೇ ಇರ್ತೀನಿ" ಅಂದೆ. "ನೀವಿದ್ದೀರಲ್ಲಮ್ಮ, ಇನ್ನೇನು ಯೋಚನೆ" ಅಂದರು. ಹೇಳಿದ ಒಂದು ಮಾತೂ ಸುಳ್ಳಲ್ಲ. ಆದರೂ ಫೋನ್ ಇಟ್ಟ ಮೇಲೆ, ಉಪ್ಪು ಹಾಕದ ಸಾರನ್ನು ಅತಿಥಿಗೆ ಬಡಿಸಿದ ಹಾಗೆ ಮನಸ್ಸು ಕಸಿವಿಸಿಗೊಂಡಿತು.

ಬೆಳಿಗ್ಗೆ ಐದಕ್ಕೆ ವ್ಯಾನು ಹತ್ತಿದೆವು. ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಇಡ್ಲಿ, ಥರ್ಮಾಕೋಲು, ಜೊತೆಗೆ ನನ್ನ ಡ್ರೆಸ್ಸಿಂಗ್ ಟೇಬಲ್ಲಿನ ನಿಲುವುಗನ್ನಡಿ. ತವರಿನಿಂದ ಬಂದ ಕನ್ನಡಿಯನ್ನು ತಿರುಪು ಬಿಚ್ಚಿ ಕೊಡಲು ನಾನು ಒಪ್ಪಿರಲಿಲ್ಲ. ಒಪ್ಪಿಸಿದ್ದು ಕ್ಯಾಮೆರಾ ಹುಡುಗ, ವಿ.ಕೆ. ಮೂರ್ತಿಯವರ ಕಥೆ ಹೇಳಿ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತವರು ಅವರು. 1959ರ 'ಕಾಗಜ್ ಕೆ ಫೂಲ್' ಚಿತ್ರದ ಒಂದು ಹಾಡಿಗೆ ದೊಡ್ಡ ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಸ್ಟುಡಿಯೋದ ಕತ್ತಲೊಳಗೆ ಕಂಬದ ಹಾಗೆ ಇಳಿಸಿದರಂತೆ. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ತ್ರಿವೇಣಿಯವರ 'ಹೂವು ಹಣ್ಣು' ಕಾದಂಬರಿ 1993ರಲ್ಲಿ ಸಿನಿಮಾ ಆದಾಗ ಕ್ಯಾಮೆರಾ ಹಿಡಿದವರೂ ಅವರೇ. ತ್ರಿವೇಣಿಯವರ ಹೆಸರು ಕೇಳಿದ ಮೇಲೆ ನಾನು ಇಲ್ಲ ಎನ್ನುವುದುಂಟೇ? ಕನ್ನಡಿ ವ್ಯಾನು ಹತ್ತಿತು.

ಹೊಲಕ್ಕೆ ಹೋಗಿ ನೋಡಿದರೆ ರಾಗಿಯೇ ಇಲ್ಲ! ಹಿಂದಿನ ವಾರವೇ ಕೊಯ್ದು ಮೆದೆ ಹಾಕಿದ್ದರು. ಬೀಸುವ ಗಾಳಿಗೆ ತೂಗುವ ತೆನೆಗಳ ನಡುವೆ ಹುಡುಗಿ ಎಂದು ಮಗಳು ಮೂರು ಹಾಳೆ ಬರೆದಿದ್ದಳು. ಅವಳು ಅಳುವ ಮೊದಲೇ ಚಿಕ್ಕಮಾವ, "ಅದಕ್ಕೇನಮ್ಮ, ಕಣ ನೋಡು" ಅಂದರು. ಒಕ್ಕಣೆಗೆಂದು ಸಗಣಿ ಸಾರಿಸಿ ನುಣ್ಣಗೆ ಮಾಡಿದ ಕಣ. ಗೆಜ್ಜೆಯ ಕಾಲಿಗೆ ಅದಕ್ಕಿಂತ ಒಳ್ಳೆಯ ರಂಗ ಎಲ್ಲಿ ಸಿಗಬೇಕು?

ಮಂಜು ಕರಗಿ ಹೊಂಬಿಸಿಲು ಬಿದ್ದಾಗ ಕೆಲಸ ಶುರುವಾಯಿತು. ಮೊದಲನೆಯದು ನಿಧಾನಗತಿಯ ನೃತ್ಯ. ಇದರ ಗುಟ್ಟು ನನಗೆ ಅಂದೇ ತಿಳಿದದ್ದು. ಸೆಕೆಂಡಿಗೆ 24 ಚಿತ್ರದ ಬದಲು 48 ತೆಗೆದು, ತೋರಿಸುವಾಗ 24ರಂತೆಯೇ ತೋರಿಸಿದರೆ ಕುಣಿತ ಅರ್ಧ ವೇಗಕ್ಕೆ ಇಳಿಯುತ್ತದೆ. ಆದರೆ ತುಟಿ ಹಾಡಿಗೆ ಹೊಂದಬೇಕಲ್ಲ? ಅದಕ್ಕೆ ಚಿತ್ರೀಕರಿಸುವಾಗ ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕಬೇಕು. ಅಷ್ಟು ಕರುಣೆಯ ಹಾಡು ಸ್ಪೀಕರಿನಿಂದ ಇಲಿಮರಿಗಳ ಜಗಳದಂತೆ ಹೊರಟಿತು. ಚಿಕ್ಕಮಾವ ಮೆದೆಗೆ ಒರಗಿ ನಕ್ಕರು. ಎಲ್ಲರೂ ನಕ್ಕೆವು, ಕುಣಿಯುವವಳೊಬ್ಬಳನ್ನು ಬಿಟ್ಟು.

ಮೂರನೆಯ ಸಲ ಕ್ಯಾಮೆರಾ ಅವಳ ಮುಖದ ಹತ್ತಿರ ಬಂದಾಗ ಅವಳು ನಿಂತುಬಿಟ್ಟಳು. ಕಣದ ಮಧ್ಯದಲ್ಲೇ ಕುಳಿತು ಮಂಡಿಯಲ್ಲಿ ಮುಖ ಹುದುಗಿಸಿಕೊಂಡಳು. ನಾನು ಹತ್ತಿರ ಹೋದೆ. "ಆಂಟಿ, ಇದು ಫೋನಿಂದ ಫೋನಿಗೆ ಹೋಗತ್ತೆ. ಅಪ್ಪ ನೋಡೇ ನೋಡ್ತಾರೆ."

"ಒಪ್ಪಿಕೊಂಡಿದ್ದಳಲ್ಲಮ್ಮ!" ಎಂದು ಮಗಳು ರೇಗಿದಳು. "ಸೋಮವಾರ ಒಪ್ಪಿಸಬೇಕು. ಐದು ಜನರ ಅಂಕ ಇದೆ."

"ಒಪ್ಪಿದವಳೂ ಅವಳೇ, ಈಗ ಬೇಡ ಅನ್ನೋಳೂ ಅವಳೇ. ಎರಡನ್ನೂ ಕೇಳಬೇಕು" ಅಂದೆ.

"ಹಾಗಾದರೆ ನಿನ್ನೆ ನೀನೇಕೆ ಫೋನ್ ಮಾಡಿದೆ?"

ಉತ್ತರವಿರಲಿಲ್ಲ. ಆ ಹುಡುಗಿಗೆ ಸಹಾಯ ಮಾಡುತ್ತಿದ್ದೇನೆಂದು ತಿಳಿದಿದ್ದೆ. ನಿಜ ನೋಡಿದರೆ ನಲವತ್ತು ವರ್ಷದ ಹಿಂದೆ ಬಾಗಿಲಲ್ಲಿ ನಿಂತಿದ್ದ ನನ್ನ ಅಣ್ಣನಿಗೆ ಉತ್ತರ ಕೊಡುತ್ತಿದ್ದೆ. ಅದರ ಬೆಲೆ ತೆರಬೇಕಾದವಳು ಮಾತ್ರ ಅವಳಾಗಿದ್ದಳು.

"ಅಪ್ಪನಿಗೆ ಈಗಲೇ ಫೋನ್ ಮಾಡಿ ಪೂರ್ತಿ ಹೇಳಲಾ?" ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು. "ಮನೆಗೆ ಹೋಗೋಣವಾ?" ಅದಕ್ಕೂ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮೂಗೊರೆಸಿಕೊಂಡು ಅವಳೇ ಹೇಳಿದಳು: "ಹೊಳೆಗೆ ಮುಖ ಎಲ್ಲಿದೆ ಆಂಟಿ? ಕೈ ಕಾಲು ತೆಗೆದರೆ ಸಾಲದಾ?"

ಕ್ಯಾಮೆರಾ ಹುಡುಗ ಒಂದೂ ಮಾತಾಡದೆ ಕನ್ನಡಿ ಎತ್ತಿಕೊಂಡು ಪಂಪ್‌ಸೆಟ್ ಮನೆಯ ಹಿಂಬದಿಗೆ ಹೋದ. ನೆರಳಲ್ಲಿದ್ದ ಸುಣ್ಣದ ಗೋಡೆಯ ಮೇಲೆ ಬಿಸಿಲನ್ನು ತಿರುಗಿಸಿದ. ಥರ್ಮಾಕೋಲಿನ ಬೆಳಕು ಹಾಲಿನಂತೆ ಹರಡುತ್ತದೆ, ಕನ್ನಡಿಯದ್ದು ಚೂರಿಯಂತೆ. ಆ ಬೆಳಕಿನಲ್ಲಿ ಅವಳು ಕೈಯೆತ್ತಿದಾಗ ಗೋಡೆಯ ಮೇಲೆ ಬೆರಳುಗಳ ನೆರಳು ಕಡೆದಿಟ್ಟಂತೆ ಮೂಡಿತು. ಬೆರಳುಗಳು ಅಲೆಯಾದವು, ಸುಳಿಯಾದವು. ಆಮೇಲೆ ಕಣದ ಮೇಲೆ ಪಾದಗಳು, ಬೆನ್ನಮೇಲಿನ ಜಡೆ, ಧೂಳಿನಲ್ಲಿ ಬೀಸುವ ಸೆರಗು. ಮಗಳು ತಾನು ಬರೆದ ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿ, ಸ್ಪೀಕರಿನ ಪಕ್ಕ ಕೂತು ತಾನೇ ತಾಳ ಹಾಕತೊಡಗಿದಳು.

ಮಧ್ಯಾಹ್ನ ಕೆಂಗೇರಿಯ ಸೇತುವೆ. ಕರಿನೀರು, ಬಿಳಿನೊರೆ. ಸಾಮಾನು ಹೊರುವ ಹುಡುಗ ಅರ್ಧ ಗಂಟೆ ತಡೆದುಕೊಂಡು ಆಮೇಲೆ ರಸ್ತೆಯ ಅಂಚಿಗೆ ಓಡಿದ. ವಿಡಿಯೋಕ್ಕೆ ವಾಸನೆಯಿಲ್ಲ. ದೂರದಿಂದ ನೋಡಿದರೆ ಆ ನೊರೆ ಹತ್ತಿಯ ಹಾಗೆ ಚೆಂದವಾಗಿಯೇ ಕಾಣುತ್ತದೆ, ಅದೇ ಸಂಕಟ.

ಕಾಲೇಜಿನ ಪ್ರದರ್ಶನಕ್ಕೆ ಆ ಹುಡುಗಿಯ ತಂದೆ ಬರಲಿಲ್ಲ. ತಾಯಿ ಬಂದು ನನ್ನ ಪಕ್ಕದಲ್ಲೇ ಕೂತರು. ದೀಪ ಆರಿತು. ಗೋಡೆಯ ಮೇಲೆ ಬೆರಳುಗಳು ಅಲೆಯಾದಾಗ, ಪಕ್ಕದಲ್ಲಿ ಬಳೆಯ ಸದ್ದು ನಿಂತುಹೋಯಿತು. ನಾಲ್ಕು ನಿಮಿಷ ಅವರು ಅಲುಗಲಿಲ್ಲ. ದೀಪ ಬಂದ ಮೇಲೆ ಮೆಲ್ಲಗೆ ಅಂದರು:

"ಎಡಗೈ ಮಣಿಕಟ್ಟಿನ ಕಲೆ ನೋಡಿದಿರಾ? ಗೌರಿಹಬ್ಬದಲ್ಲಿ ಕಡುಬು ಕರಿಯೋವಾಗ ಎಣ್ಣೆ ಸಿಡಿದದ್ದು."

ನನಗೆ ಬೆವರು ಬಂತು. "ತಪ್ಪು ನನ್ನದು. ನಾನೇ ಪೂರ್ತಿ ಹೇಳಬೇಕಿತ್ತು. ಯಜಮಾನರಿಗೆ..." ಎಂದು ತೊದಲಿದೆ.

"ಅವರಿಗೆ ಗೊತ್ತಾಗಲ್ಲ ಬಿಡಿ. ಮನೇಲಿ ಅವಳ ಕೈ ನೋಡಿದವರು ಯಾರಿದ್ದಾರೆ, ನನ್ನನ್ನ ಬಿಟ್ಟು?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಆದರೆ ಇನ್ನೊಂದು ಸಲ ಫೋನ್ ಮಾಡೋವಾಗ ನನಗೆ ಮಾಡಿ" ಅಂದರು. ಸಿಟ್ಟೋ ಸ್ನೇಹವೋ ತಿಳಿಯಲಿಲ್ಲ. ಎರಡೂ ಇತ್ತೆಂದು ಕಾಣುತ್ತದೆ.

ಕನ್ನಡಿ ಮತ್ತೆ ತನ್ನ ಜಾಗಕ್ಕೆ ಬಂದಿದೆ, ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳಿನೊಂದಿಗೆ. ಮಗಳಿಗೆ ಅಂಕ ಚೆನ್ನಾಗಿಯೇ ಬಂತು. ಆ ತಾಯಿ ಮಾತ್ರ ಸಂಕ್ರಾಂತಿಗೆ ಎಳ್ಳು ಬೀರಲು ಬಂದವರು ಹೋಗುವಾಗ ಬಾಗಿಲಲ್ಲಿ ನಿಂತು, "ಆ ಹಾಡು ನನ್ನ ಫೋನಿಗೆ ಹಾಕಿಕೊಡಿ" ಅಂದರು. ಹಾಕಿಕೊಟ್ಟೆ. ಅಲ್ಲೇ ನಿಂತು ಒಮ್ಮೆ ನೋಡಿದರು, ಶಬ್ದವಿಲ್ಲದೆ.